1967ರ ಮಸ್ಟಾಂಗ್: ಹೆಡ್‌ಲೈನರ್ ಸುಕ್ಕು ಹೋಗಿದ್ದು ಹೀಗೆ

ನನ್ನ ಫೋರ್ಡ್ ಮಸ್ಟಾಂಗ್ ಕಾರಿಗೆ ಹೊಸ ವಿನೈಲ್ ಹೆಡ್‌ಲೈನರ್ (ಚಾವಣಿಯ ಒಳಹೊದಿಕೆ) ಹಾಕಿದರೂ ಬಾಗಿಲ ಮೇಲ್ಗಡೆ, ಅದನ್ನು ಹಿಡಿದಿಡುವ ಪ್ರತಿ ಕಂಬಿಯ ತುದಿಯಲ್ಲೂ ಸುಕ್ಕು. ಹೀಟ್ ಗನ್, ಸ್ಟೀಮರ್, ಇನ್ನಷ್ಟು ಅಂಟು ಹಚ್ಚಿ ಪಕ್ಕಕ್ಕೆ ಜಗ್ಗುವುದು, ಯಾವುದೂ ನಿಲ್ಲಲಿಲ್ಲ. ಕಂಬಿ ತೂರಿಸುವ ಬಟ್ಟೆಯ ತೋಳು ತೀರಾ ಉದ್ದ ಇತ್ತು, ಅದೇ ವಿನೈಲನ್ನು ಹಿಡಿದೆಳೆಯುತ್ತಿತ್ತು.

ಎಲ್ಲ ಬಿಚ್ಚಿ, ಮುಂದಿನ ಹಿಂದಿನ ಗಾಜು ತೆಗೆದೆ. ಅಂಚು ಗಾಜಿನ ಚೌಕಟ್ಟಿಗೇ ಅಂಟಬೇಕು, ಅಲ್ವಾ. ಕಂಬಿಗಳ ಬಾಗು ಬೇರೆ ಬೇರೆ, ಹಾಗಾಗಿ ತೆಗೆಯುವಾಗಲೇ ನಂಬರ್ ಬರೆಯಿರಿ. ವಿನೈಲನ್ನು ಬಿಸಿಲಲ್ಲಿ ಹರಡಿ ಮೆತ್ತಗೆ ಮಾಡಿ, ಮಧ್ಯದಿಂದ ಶುರುಮಾಡಿ ಮೊದಲು ಹಿಂದೆ ಮುಂದೆ ಎಳೆದು ಕ್ಲಿಪ್ ಹಾಕಿ, ಆಮೇಲೆ ಪಕ್ಕ. ತೋಳಿನ ತುದಿಯನ್ನು ಎರಡೂ ಕಡೆ ಅರ್ಧರ್ಧ ಇಂಚು ಕತ್ತರಿಸುತ್ತಾ, ಪ್ರತಿ ಸಲ ಎಳೆದು ನೋಡಿ, ಸುಕ್ಕು ಹೋದ ತಕ್ಷಣ ನಿಲ್ಲಿಸಿ. ಜಾಸ್ತಿ ಆದರೆ ಜೋತು ಬೀಳುತ್ತದೆ. ಕೊನೆಗೆ ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಒಣಗಿದ ಮೇಲೆ ಒತ್ತಿ.