ಶಾಸಕರು ಅರ್ಧಕ್ಕೇ ಹೋದರೆ ಊರಿನವರು ಏನು ಮಾಡಬೇಕು

ಐದು ವರ್ಷಕ್ಕೆ ಅಂತ ವೋಟು ಹಾಕಿರುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಶಾಸಕರೇ ಇಲ್ಲ. 2019ರಲ್ಲಿ ನಮ್ಮ ರಾಜ್ಯದ 17 ಕ್ಷೇತ್ರಗಳಲ್ಲಿ ಹೀಗೇ ಆಯಿತು. ಆಗ ಎಲ್ಲರೂ ಸರ್ಕಾರ ಬೀಳುತ್ತಾ ಉಳಿಯುತ್ತಾ ಅಂತ ಟಿವಿ ಮುಂದೆ ಕೂತಿದ್ದರು, ಅರ್ಧಕ್ಕೆ ನಿಂತ ಚರಂಡಿ, ಸಮುದಾಯ ಭವನಗಳ ಬಗ್ಗೆ ಕೇಳಿದವರು ತೀರಾ ಕಡಿಮೆ. ಅದು ನನಗೆ ಇವತ್ತಿಗೂ ಬೇಜಾರು.

ಮೊದಲು ಸ್ಥಾನ ಹೇಗೆ ಖಾಲಿಯಾಯಿತು ಅಂತ ತಿಳಿದುಕೊಳ್ಳಿ. ರಾಜೀನಾಮೆ ಬೇರೆ, ಅನರ್ಹತೆ ಬೇರೆ. ಪತ್ರ ಕೊಟ್ಟ ಮಾತ್ರಕ್ಕೆ ರಾಜೀನಾಮೆ ಆಗುವುದಿಲ್ಲ, ಸ್ಪೀಕರ್ ಒಪ್ಪಬೇಕು. 2019ರಲ್ಲಿ ಹೆಚ್ಚಿನವರು ಪತ್ರ ಕೊಟ್ಟಿದ್ದರು, ಆದರೆ ಸ್ಪೀಕರ್ ರಮೇಶ್ ಕುಮಾರ್ ಪಕ್ಷಾಂತರ ನಿಷೇಧ ಕಾಯ್ದೆಯಡಿ ಜುಲೈ 25ರಂದು ಮೂವರನ್ನು, 28ರಂದು 14 ಮಂದಿಯನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಅಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ನಿಲ್ಲಬಾರದು ಅನ್ನುವ ಭಾಗವನ್ನು ಮಾತ್ರ ತೆಗೆದುಹಾಕಿತು. ಹಾಗಾಗಿ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಹುತೇಕರು ಮತ್ತೆ ಕಣದಲ್ಲಿದ್ದರು. 15 ಸ್ಥಾನಗಳಲ್ಲಿ 12 ಬಿಜೆಪಿಗೆ ಹೋದವು. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್, ಹುಣಸೂರಿನಲ್ಲಿ ಎಚ್. ವಿಶ್ವನಾಥ್ ಸೋತರು. ವಿಶ್ವನಾಥ್ ಆಮೇಲೆ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆದರೆ ಅನರ್ಹರಾದವರು ಗೆದ್ದು ಬರಬೇಕು, ನಾಮನಿರ್ದೇಶನದಿಂದ ಬಂದು ಮಂತ್ರಿಯಾಗಲು ಆಗದು ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು.

ಕ್ರಿಮಿನಲ್ ಕೇಸಲ್ಲಿ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ ದಾರಿಯೇ ಬೇರೆ. ಸದಸ್ಯತ್ವ ಹೋಗುತ್ತದೆ, ಬಿಡುಗಡೆಯಾದ ಮೇಲೂ ಆರು ವರ್ಷ ನಿಲ್ಲುವಂತಿಲ್ಲ. ಮೇಲಿನ ಕೋರ್ಟ್ ತಪ್ಪಿತಸ್ಥ ಅನ್ನುವ ತೀರ್ಪಿಗೇ ತಡೆ ಕೊಟ್ಟರೆ ವಾಪಸ್ ಬರಬಹುದು.

ಇನ್ನು ಉಪಚುನಾವಣೆ. ಸ್ಥಾನ ಖಾಲಿಯಾಗಿ ಆರು ತಿಂಗಳೊಳಗೆ ನಡೆಯಬೇಕು ಅಂತ ಕಾನೂನಿದೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ. ಆದರೆ ಇದನ್ನೇ ನಂಬಿ ಸುಮ್ನೆ ಕೂರಬೇಡಿ. ಹಳೇ ಚುನಾವಣೆಯ ತಕರಾರು ಕೋರ್ಟಿನಲ್ಲಿದ್ದ ಕಾರಣ ಆ 17 ಕ್ಷೇತ್ರಗಳಲ್ಲಿ ಒಂದಾದ ಮಸ್ಕಿಯಲ್ಲಿ 2021ರ ಏಪ್ರಿಲ್‌ವರೆಗೆ ಮತದಾನವೇ ಆಗಲಿಲ್ಲ. ಒಂದು ಮುಕ್ಕಾಲು ವರ್ಷ ಆ ಜನಕ್ಕೆ ಶಾಸಕರೇ ಇರಲಿಲ್ಲ!

ಅಷ್ಟು ದಿನ ಕೆಲಸ ಯಾರನ್ನು ಕೇಳಬೇಕು? ಜಿಲ್ಲಾಧಿಕಾರಿಯನ್ನು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಯಾವ ಕೆಲಸ ಅಂತ ಶಾಸಕರು ಸೂಚಿಸುತ್ತಾರೆ, ದುಡ್ಡು ಬಿಡುಗಡೆ ಮಾಡುವುದು ಡಿಸಿ ಕಚೇರಿ. ಶಾಸಕರು ಹೋದರೂ ಕಡತ ಅಲ್ಲೇ ಇರುತ್ತದೆ, ಅಲ್ವಾ?

ನಿಮ್ಮ ಬೀದಿಯ ಶಂಕುಸ್ಥಾಪನೆ ಕಲ್ಲಿನ ಹತ್ತಿರ ಹೋಗಿ. ಅರಿಶಿನ ಕುಂಕುಮ ಒಣಗಿ ಅಂಟಿಕೊಂಡಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಫೋಟೊ ತೆಗೆಯಿರಿ. ಮೇಲಿನ ದೊಡ್ಡ ಹೆಸರುಗಳನ್ನು ಬಿಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ದಿನಾಂಕ ಇದ್ದರೆ ನಿಮಗೆ ಬೇಕಾದದ್ದು ಅದೇ. ಅದನ್ನು ಇಟ್ಟುಕೊಂಡು ಡಿಸಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಆರ್‌ಟಿಐ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಹೀಗೆ ಬರೆಯಿರಿ: "ಈ ಕಾಮಗಾರಿಗೆ ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ, ಬಳಕೆ ಪ್ರಮಾಣಪತ್ರದ ನಕಲು ಕೊಡಿ." ಬಳಕೆ ಪ್ರಮಾಣಪತ್ರ ಅಂದರೆ ಕೊಟ್ಟ ದುಡ್ಡು ಆ ಕೆಲಸಕ್ಕೇ ಖರ್ಚಾಯಿತು ಅನ್ನುವ ಪತ್ರ. ಕೆಲಸ ಯಾಕೆ ನಿಂತಿತು ಅಂತ ಮಾತ್ರ ಕೇಳಬೇಡಿ. ಕಾರಣ ವಿವರಿಸಿ ಅಂದರೆ ಅದು ಮಾಹಿತಿಯಲ್ಲ ಅಂತ ತಳ್ಳಿಹಾಕುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಅದಾದ ಮೇಲಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ತಡ ಮಾಡಬೇಡಿ. ಉಪಚುನಾವಣೆ ಘೋಷಣೆಯಾದ ಕೂಡಲೇ ನೀತಿ ಸಂಹಿತೆ ಬರುತ್ತದೆ. ಸ್ಥಳದಲ್ಲಿ ಶುರುವಾಗಿರುವ ಕೆಲಸ ಮುಂದುವರಿಸಬಹುದು, ಕಾಗದದ ಮೇಲಷ್ಟೇ ಇರುವುದು ಚುನಾವಣೆ ಮುಗಿಯುವವರೆಗೆ ಶುರುವಾಗುವುದಿಲ್ಲ.