ನೆರೆಯಲ್ಲಿ ಜಾನುವಾರು ಸತ್ತರೆ ಪರಿಹಾರ ಪಡೆಯುವುದು ಹೇಗೆ?

ನೇತ್ರಾವತಿ, ಸ್ವರ್ಣಾ, ಸೌಪರ್ಣಿಕಾ ನದಿಗಳ ದಂಡೆಯ ಊರುಗಳಲ್ಲಿ ಹಟ್ಟಿಗೆ ನೆರೆನೀರು ನುಗ್ಗಿಯೋ ಗುಡ್ಡ ಜರಿದೋ ಜಾನುವಾರು ಸತ್ತರೆ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ಸಿಗುತ್ತದೆ. ಆದರೆ ಅರ್ಹರಾದ ಎಷ್ಟೋ ಮಂದಿ ಮಹಜರು (ಸ್ಥಳ ಪರಿಶೀಲನೆಯ ಲಿಖಿತ ದಾಖಲೆ) ಆಗುವ ಮೊದಲೇ ಕಳೇಬರವನ್ನು ಹೂತುಬಿಟ್ಟು, ಆ ಹಣವನ್ನು ಅಂದೇ ಕಳೆದುಕೊಳ್ಳುತ್ತಾರೆ.

ಹಂತ 1: ಮಳೆಗಾಲಕ್ಕೆ ಮೊದಲೇ ಪ್ರತಿ ಜಾನುವಾರಿಗೂ ಪಶುಪಾಲನಾ ಇಲಾಖೆಯ 12 ಅಂಕಿಯ ಕಿವಿಯೋಲೆ ಹಾಕಿಸಿ. ಅಂಗಡಿಯಲ್ಲಿ ಸಿಗುವ ಅಗ್ಗದ ಓಲೆಗಳನ್ನು ಕೊಳ್ಳಬೇಡಿ; ಅವುಗಳ ಸಂಖ್ಯೆ ಇಲಾಖೆಯ ದಾಖಲೆಯಲ್ಲಿ ಇರುವುದಿಲ್ಲ.

ಹಂತ 2: ಸಾವು ಸಂಭವಿಸಿದ ಕೂಡಲೇ ಗ್ರಾಮ ಆಡಳಿತಾಧಿಕಾರಿಗೂ ಪಶುವೈದ್ಯರಿಗೂ ತಿಳಿಸಿ. ದಾರಿ ಮುಳುಗಿ ಅವರು ತಲುಪದಿದ್ದರೆ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ, ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಹಂತ 3: ಎಲ್ಲರೂ ಎಡವುವುದು ಇಲ್ಲಿಯೇ. ನಮ್ಮ ಸೆಕೆಗೆ ಕಳೇಬರ ಬೇಗನೆ ಕೊಳೆಯುವುದರಿಂದ ಮನೆಯವರು ಅವಸರಪಡುವುದು ಸಹಜ. ಆದರೂ ಮರಣೋತ್ತರ ಪರೀಕ್ಷೆ ಮತ್ತು ಪಂಚರ (ಸಾಕ್ಷಿಗಳ) ಸಹಿಯಿರುವ ಮಹಜರು ಮುಗಿಯುವ ತನಕ ಹೂಳಬಾರದು. ಅಷ್ಟರಲ್ಲಿ ಕಿವಿಯೋಲೆಯ ಅಂಕಿ ಸ್ಪಷ್ಟವಾಗಿ ಓದುವಂತೆ ಒಂದು, ಇಡೀ ದೇಹ ಕಾಣುವಂತೆ ಒಂದು, ಹಟ್ಟಿಯ ಗೋಡೆಯ ಮೇಲಿನ ನೀರಿನ ಗುರುತು ಅಥವಾ ಜರಿದ ಮಣ್ಣು ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ. ಅವನ್ನು ಮೊಬೈಲಿನಲ್ಲೇ ಬಿಡದೆ ಮುದ್ರಿಸಿ ಕಡತಕ್ಕೆ ಸೇರಿಸಲೇಬೇಕು. ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳುಹಿಸಿದರೆ ಸಾಕೆಂದು ಹೇಳುವವರ ಮಾತು ನಂಬಬೇಡಿ. ಮಹಜರಿಗೆ ಅದು ಬದಲಿಯಲ್ಲ. ಸಾವಿಗೆ ನೆರೆಯೇ ಕಾರಣವೆಂದು ವೈದ್ಯರ ವರದಿಯಲ್ಲಿ ಸ್ಪಷ್ಟವಾಗಿದೆಯೇ ಎಂದು ಸಹಿ ಹಾಕುವ ಮೊದಲು ಓದಿ ನೋಡಿ, ಏಕೆಂದರೆ ರೋಗದಿಂದ ಸತ್ತ ಪ್ರಾಣಿಗೆ ಈ ನಿಧಿಯ ನೆರವಿಲ್ಲ. ಹಸು ಕೊಚ್ಚಿಹೋಗಿ ಕಳೇಬರವೇ ಸಿಗದಿದ್ದರೆ, ಹಾಲಿನ ಸಂಘದ ಪುಸ್ತಕ, ಲಸಿಕೆಯ ದಾಖಲೆ ಮತ್ತು ನೆರೆಮನೆಯವರ ಹೇಳಿಕೆಗಳನ್ನು ಒಟ್ಟುಗೂಡಿಸಿ, ಮಹಜರಿನಲ್ಲಿ ಅವನ್ನು ನಮೂದಿಸುವಂತೆ ಕೇಳಿ.

ಬಳಿಕ ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹಟ್ಟಿ ತೊಳೆಯಲು ಕಳೆದ ವರ್ಷದ ಬ್ಲೀಚಿಂಗ್ ಪೌಡರ್ ಬಳಸಬೇಡಿ. ತೇವ ತಗಲಿದ ಪುಡಿಗೆ ಶಕ್ತಿ ಉಳಿದಿರುವುದಿಲ್ಲ.

ಹಂತ 4: ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿಗಳೊಂದಿಗೆ ಅರ್ಜಿಯನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

2022–23ರಿಂದ 2025–26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ಮಾನದಂಡದಂತೆ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಆಡು, ಕುರಿ, ಹಂದಿಗೆ 4,000. ಎಷ್ಟೇ ಹಸುಗಳು ಸತ್ತರೂ ಒಂದು ಕುಟುಂಬಕ್ಕೆ ಮೂರರ ಲೆಕ್ಕ ಮಾತ್ರ. ಕೋಳಿಗೆ ತಲಾ 100 ರೂಪಾಯಿ, ಕುಟುಂಬಕ್ಕೆ ಗರಿಷ್ಠ 10,000. ಸಾವಿರಾರು ಕೋಳಿಗಳ ಫಾರಂ ನಡೆಸುವವರಿಗೆ ಇದು ಏನೇನೂ ಸಾಲದು, ಆದ್ದರಿಂದ ಅವರು ವಿಮೆ ಮಾಡಿಸಲೇಬೇಕು.

ಹಂತ 5: ಹಣ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ, ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆದು, ಮಹಜರಿನ ಪ್ರತಿಯೊಂದಿಗೆ ಉಪವಿಭಾಗಾಧಿಕಾರಿಗೆ ಮನವಿ ಸಲ್ಲಿಸಿ.