ಕಲಬುರಗಿ ಬಿಸಿಲಿಗೆ 420 ರೇಡಿಯೇಟರ್: ಕ್ಯಾಬಿನೆಟ್ ಹೊಂದಿಸಿದ ನನ್ನ ಅನುಭವ

ಪಿಸಿ ಕ್ಯಾಬಿನೆಟ್ ಒಳಗೆ ಮುಂದೆ ಕೂರಿಸಿದ 420 ರೇಡಿಯೇಟರ್ (ಪ್ರೊಸೆಸರ್ ಬಿಸಿ ಹೊತ್ತು ತಂದ ನೀರನ್ನು ಫ್ಯಾನಿನಿಂದ ತಣಿಸುವ ಭಾಗ) ಈ ಬೇಸಿಗೆ ಪೂರ್ತಿ ಓಡಿತು. ಹೊರಗೆ 42, 43 ಡಿಗ್ರಿ ಇದ್ದ ದಿನಗಳಲ್ಲೂ ವಿ-ರೇ ಸಾಫ್ಟ್‌ವೇರಿನಲ್ಲಿ ರೆಂಡರ್ (ವಿನ್ಯಾಸವನ್ನು ಫೋಟೋದಂಥ ಚಿತ್ರ ಮಾಡುವ ಕೆಲಸ) ಹಾಕಿ ಮಲಗಿದ್ದೇನೆ, ಬೆಳಿಗ್ಗೆ ಎದ್ದಾಗ ಕೆಲಸ ಮುಗಿದಿರುತ್ತಿತ್ತು. "ರೇಡಿಯೇಟರ್ ಮುಂದ ಇಟ್ರ ಗ್ರಾಫಿಕ್ಸ್ ಕಾರ್ಡ್ ಸುಟ್ಟು ಹೋಗ್ತದ ನೋಡ್ರಿ" ಅಂದಿದ್ದವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನದು ಮನೆ, ಅಂಗಡಿ ಒಳಾಂಗಣದ ರೆಂಡರ್ ಮಾಡಿಕೊಡುವ ಕೆಲಸ. ಮಷಿನ್ ಪ್ರೊಸೆಸರ್ ಚಿಪ್ ರೈಜೆನ್ 9 7950ಎಕ್ಸ್. ಹೆಸರಿಗೆ 170 ವ್ಯಾಟ್, ಆದರೆ ಎಲ್ಲಾ ಕೋರ್ ದುಡಿಯುವಾಗ 230 ವರೆಗೂ ಎಳೆಯುತ್ತದೆ. ಈ ಚಿಪ್‌ನಲ್ಲಿ ಟೆಂಪರೇಚರ್ ಒಂದನ್ನೇ ನೋಡುತ್ತಾ ಕೂತರೆ ಏನೂ ಗೊತ್ತಾಗಲ್ಲ. 95 ಡಿಗ್ರಿ ಮುಟ್ಟುವುದು ಅದರ ಲೆಕ್ಕದಲ್ಲಿ ಮಾಮೂಲು. ಮುಟ್ಟಿದ ಮೇಲೆ ಕ್ಲಾಕ್, ಅಂದರೆ ಚಿಪ್ ಓಡುವ ವೇಗ, ಎಷ್ಟಕ್ಕೆ ನಿಲ್ಲುತ್ತದೆ ಅನ್ನುವುದೇ ಅಸಲಿ ಪ್ರಶ್ನೆ. ಮೊದಲು ಹಾಕಿದ್ದ ದೊಡ್ಡ ಏರ್ ಕೂಲರ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ 4.7 ಗಿಗಾಹರ್ಟ್ಸ್ ಆಸುಪಾಸಿಗೆ ಬರುತ್ತಿತ್ತು. ಏಸಿ ಹಾಕಿಸು ಅಂತ ಎಲ್ಲರೂ ಹೇಳಿದರು. ಕರೆಂಟ್ ಹೋದಾಗ ನನ್ನ ಇನ್ವರ್ಟರ್ ಪಿಸಿಯನ್ನು ಎಳೆಯುವುದೇ ದೊಡ್ಡದು, ಏಸಿ ಎಲ್ಲಿಂದ ಎಳೆಯುತ್ತೆ?

ಮೊದಲು ತಂದ ನೀರಿನ ಕೂಲರ್ ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3, 360 ಸೈಜ್. ಇದ್ದ ಮಿಡ್ ಟವರ್ ಕ್ಯಾಬಿನೆಟ್ ಡಬ್ಬದ ಮೇಲೆ "360 ಟಾಪ್ ಸಪೋರ್ಟ್" ಅಂತ ದೊಡ್ಡದಾಗಿ ಬರೆದಿತ್ತು. 360 ಅನ್ನೋದು 120 ಮಿಮೀಯ ಮೂರು ಫ್ಯಾನ್‌ಗಳ ಲೆಕ್ಕ ಅಷ್ಟೇ. ಎರಡೂ ತುದಿಯ ಟ್ಯಾಂಕ್ ಸೇರಿ ಈ ರೇಡಿಯೇಟರ್ ಉದ್ದ 398 ಮಿಮೀ. ದಪ್ಪ 38. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವುದು 27 ದಪ್ಪದವು, ಕ್ಯಾಬಿನೆಟ್ ಮಾಡುವವರೂ ಅದನ್ನೇ ಮನಸ್ಸಲ್ಲಿ ಇಟ್ಟುಕೊಂಡಿರುತ್ತಾರೆ. 38ಕ್ಕೆ ಫ್ಯಾನಿನ 25 ಸೇರಿದರೆ 63. ನನ್ನ ಕ್ಯಾಬಿನೆಟ್ ಸೂರಿನಿಂದ ಮದರ್‌ಬೋರ್ಡ್ ಅಂಚಿಗೆ ಇದ್ದದ್ದು ಹೆಚ್ಚೆಂದರೆ 40. ಫ್ಯಾನ್ ಅಂಚು ಬಂದು 44 ಮಿಮೀ ಎತ್ತರದ ರ‍್ಯಾಮ್ ಮೇಲೆ ಕೂತಿತು, ಆ ಕಡೆ ಬೋರ್ಡಿನ ವಿದ್ಯುತ್ ಭಾಗ ತಣಿಸುವ ವಿಆರ್‌ಎಂ ಹೀಟ್‌ಸಿಂಕ್‌ಗೂ ತಾಗಿತು.

ಅದನ್ನೇ ತೆಗೆದು ಮುಂದೆ ಕಟ್ಟಿದೆ. ಈಗ ಗ್ರಾಫಿಕ್ಸ್ ಕಾರ್ಡ್ ಒಳಗೆ ಹೋಗಲಿಲ್ಲ. ನನ್ನ ಕಾರ್ಡ್ 336 ಉದ್ದ. ಡಬ್ಬದ ಮೇಲೆ 360 ವರೆಗೂ ಹಿಡಿಸುತ್ತೆ ಅಂತಿತ್ತು, ಆದರೆ ಮುಂದೆ ಏನೂ ಇಲ್ಲದಿದ್ದಾಗಿನ ಅಳತೆ ಅದು. ಆ ಸಾಲು ಎಲ್ಲೂ ಬರೆದಿರಲಿಲ್ಲ. 7,000ಕ್ಕೆ ತಂದ ಕ್ಯಾಬಿನೆಟ್ 3,000ಕ್ಕೆ ಕೊಟ್ಟೆ.

ಎರಡನೇದು ಫುಲ್ ಟವರ್, ಸುಮಾರು 14,000. ಜಾಗಕ್ಕೆ ಬರ ಇರಲಿಲ್ಲ. 360 ಮೇಲೂ ಕೂತಿತು, ಮುಂದೂ ಕೂತಿತು. ಆದರೆ ಮುಂದಿನ ಮುಖಕ್ಕೆ ಪೂರ್ತಿ ಗಾಜು, ಗಾಳಿ ಬರುವುದು ಪಕ್ಕದ ಬೆರಳಗಲದ ಸೀಳಿನಿಂದ. ಕ್ಲಾಕ್ ಏರ್ ಕೂಲರ್‌ಗಿಂತ ಕೆಳಗೆ, 4.6ಕ್ಕೆ ಇಳಿಯಿತು. ರೆಂಡರ್ ಓಡುತ್ತಿರುವಾಗಲೇ ಆ ಗಾಜಿನ ಮುಖ ಕಿತ್ತು ಪಕ್ಕಕ್ಕಿಟ್ಟೆ. ಕೂಲಂಟ್ ತಣಿಯಲು ಹದಿನೈದು, ಇಪ್ಪತ್ತು ನಿಮಿಷ ಬೇಕಾಯಿತು, ಆಮೇಲೆ 200 ಮೆಗಾಹರ್ಟ್ಸ್ ಹತ್ತಿರ ತಾನಾಗಿಯೇ ಮೇಲೆ ಬಂತು. ಈ ಒಂದು ಪರೀಕ್ಷೆ ನೀವೂ ಮಾಡಿ, ಖರ್ಚಿಲ್ಲ. ಮುಖ ತೆಗೆದಾಗ ಕ್ಲಾಕ್ ಏರಿದರೆ ನಿಮ್ಮ ರೇಡಿಯೇಟರ್‌ನಲ್ಲಿ ದೋಷವಿಲ್ಲ, ಕ್ಯಾಬಿನೆಟ್ ಉಸಿರಾಡುತ್ತಿಲ್ಲ ಅಂತ ಅರ್ಥ. ಐದು ನಿಮಿಷ ನೋಡಿ ಮುಚ್ಚಬೇಡಿ. ಅರ್ಧ ಗಂಟೆ ಬಿಡಿ.

ಅಲ್ಲಿಗೆ 360 ಬಿಟ್ಟು 420ಗೇ ಹೋಗೋಣ ಅಂತ ತೀರ್ಮಾನಿಸಿದೆ. ಲೆಕ್ಕ ಸುಲಭ. ಮೂರು 120 ಫ್ಯಾನ್ ಅಂದರೆ 43,200 ಚದರ ಮಿಮೀ, ಮೂರು 140 ಅಂದರೆ 58,800. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ರೂಮಿನ ಗಾಳಿಯೇ 38 ಡಿಗ್ರಿ ಇರುವ ಊರಲ್ಲಿ ಈ ಹೆಚ್ಚುವರಿ ಜಾಗ ಸುಮ್ನೆ ಅಲ್ಲ.

ಅದೇ ಆರ್ಕ್ಟಿಕ್ 420ರ ಪೂರ್ತಿ ಅಳತೆ 458 ಉದ್ದ, 138 ಅಗಲ, ಫ್ಯಾನ್ ಸೇರಿ 63 ದಪ್ಪ. ಇದೇ ಅಳತೆಗೆ ಥರ್ಮಾಕೋಲ್ ಕತ್ತರಿಸಿ ಒಂದು ಡಮ್ಮಿ ಮಾಡಿದೆ. ಪೈಪ್ ಹೊರಡುವ ತುದಿಯಲ್ಲಿ ಹಳೇ ಗ್ಯಾಸ್ ಪೈಪಿನ ಎರಡು ತುಂಡು ಸಿಕ್ಕಿಸಿದೆ, ಯಾಕಂದರೆ ರೇಡಿಯೇಟರ್ ಹಿಡಿಸಿದರೂ ಪೈಪ್ ತಿರುಗಲು ಜಾಗ ಇಲ್ಲದೆ ಕೆಲಸ ಕೆಡುವುದೇ ಹೆಚ್ಚು. ಕಾರ್ಡಿಗೂ ಒಂದು ರಟ್ಟಿನ ಡಮ್ಮಿ, 336 ಉದ್ದ, ಮೂರು ಸ್ಲಾಟ್ ದಪ್ಪ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ "ಸರ್, ಸ್ಪೆಕ್ ಶೀಟ್ ಇದೆಯಲ್ಲಾ, ಇದೆಲ್ಲಾ ಯಾಕೆ?" ಅಂತ ನಕ್ಕರು. ಅವರೇ ತೆಗೆದುಕೊಟ್ಟ, "420 ಸಪೋರ್ಟ್" ಅಂತ ಬರೆದಿದ್ದ ಕ್ಯಾಬಿನೆಟ್ ಒಳಗೆ ಥರ್ಮಾಕೋಲ್ ಇಟ್ಟು ತೋರಿಸಿದೆ. ತುದಿ ಹಾರ್ಡ್ ಡಿಸ್ಕ್ ಗೂಡಿಗೆ ಗುದ್ದುತ್ತಿತ್ತು. ಆಮೇಲೆ ಅಲ್ಲಿದ್ದ ಹುಡುಗರು ತಾವೇ ಒಂದೊಂದು ಕ್ಯಾಬಿನೆಟ್ ಬಿಚ್ಚಿ ಮುಂದೆ ಇಟ್ಟರು.

ಕೊನೆಗೆ ಒಪ್ಪಿದ್ದು ಫ್ರಾಕ್ಟಲ್ ಟಾರೆಂಟ್. ಬೆಂಗಳೂರಿನಲ್ಲೇ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 12,000 ಚಿಲ್ಲರೆ. ಹೊಸದಕ್ಕೆ ಆಗ 20,000ದ ಮೇಲೆ ಹೇಳುತ್ತಿದ್ದರು. ವಾಪಸ್ ಬರುವಾಗ ಹತ್ತು ಕಿಲೋ ಮೀರಿದ ಆ ಡಬ್ಬ ಸ್ಲೀಪರ್ ಬರ್ತ್ ಮೇಲೆ ಮಲಗಿತ್ತು, ನಾನು ಗುಂತಕಲ್ ದಾಟುವವರೆಗೂ ಕೂತೇ ಬಂದೆ.

ಊರಲ್ಲಿ ಎಲ್ಲರದ್ದೂ ಒಂದೇ ಆಕ್ಷೇಪ. ಟಾರೆಂಟ್‌ನಲ್ಲಿ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಮೇಲೆ ಕೂರುತ್ತದೆ. ಅಂದರೆ ಮೇಲೆ ರೇಡಿಯೇಟರ್ ಜಾಗವೇ ಇಲ್ಲ, 420ಕ್ಕೆ ಮುಂದೆ ಇಲ್ಲವೇ ಕೆಳಗೆ ಮಾತ್ರ. "ಬಿಸಿ ಗಾಳಿ ಮೇಲಿಂದ ಹೊರಗ ಹೋಗಬೇಕಲ್ರಿ, ನೀವು ಒಳಗ ತಗೋತೀರಲ್ಲ" ಅಂದರು. ನಾನು ಉಲ್ಟಾ ಲೆಕ್ಕ ಹಾಕಿದ್ದೆ. ಮೇಲೆ ಇಟ್ಟರೆ ಕಾರ್ಡ್ ಉಗುಳಿದ ಬಿಸಿ ಗಾಳಿಯೇ ರೇಡಿಯೇಟರ್ ದಾಟಬೇಕು. ಮುಂದೆ ಇಟ್ಟರೆ ರೂಮಿನ ಗಾಳಿ ನೇರ ಸಿಗುತ್ತದೆ. ಇನ್ನು ಕಾರ್ಡಿಗೆ? ಟಾರೆಂಟ್ ಕೆಳಗಡೆ ಮೂರು 140 ಫ್ಯಾನ್ ಅದರ ಜೊತೆಗೇ ಬರುತ್ತವೆ, ಕಾರ್ಡಿನ ಹೊಟ್ಟೆಗೆ ನೇರ ಹೊರಗಿನ ಗಾಳಿ ಹೊಡೆಯುತ್ತವೆ. ರೇಡಿಯೇಟರ್ ಮುಂದೆ ಬಂದ ಮೇಲೆ ಕಾರ್ಡ್ ಬಿಸಿ ಏರಿದ್ದು 3 ಡಿಗ್ರಿ ಇರಬಹುದು, ಅದೂ ಜಿಪಿಯು ರೆಂಡರ್ ಹಾಕಿದಾಗ.

ಜೋಡಿಸುವಾಗ ಪೈಪ್ ಕೆಳಗೆ ಬರುವ ಹಾಗೇ ಕೂರಿಸಿ. ಚಿಪ್ ಮೇಲೆ ಕೂರುವ ಪಂಪ್ ಯಾವತ್ತೂ ಲೂಪಿನ, ಅಂದರೆ ನೀರು ಸುತ್ತುವ ದಾರಿಯ, ಅತಿ ಎತ್ತರದ ಜಾಗ ಆಗಬಾರದು ಅಂತ ಗೇಮರ್ಸ್ ನೆಕ್ಸಸ್ ಯೂಟ್ಯೂಬ್ ಚಾನೆಲ್‌ನ ಸ್ಟೀವ್ ಬರ್ಕ್ ತೋರಿಸಿಕೊಟ್ಟಿದ್ದಾರೆ. ಪೈಪ್ ಉದ್ದ 450. ರೇಡಿಯೇಟರ್ ತಳದಿಂದ ಹೊರಟು, ಕಾರ್ಡಿನ ಮೂತಿ ಮುಂದೆ ಹಾದು, ಮೇಲೆ ಬಾಗಿ ಪಂಪಿಗೆ ಬರಬೇಕು. ಕಾರ್ಡಿಗೆ ಒಟ್ಟು 461 ಜಾಗ, ಅದರಲ್ಲಿ 63 ಕಳೆದರೆ 398, ಕಾರ್ಡ್ 336 ಕಳೆದರೆ 62 ಉಳಿಯಿತು. ಪೈಪ್ ದಪ್ಪ 12 ಚಿಲ್ಲರೆ. ಎರಡೂ ಪಕ್ಕಪಕ್ಕ ಹಾಯಾಗಿ ಹೋಗುತ್ತವೆ, ಆದರೆ ಉದ್ದದಲ್ಲಿ ಸಡಿಲ ಅಂತ ಏನೂ ಉಳಿಯಲ್ಲ. ಎಎಂ5ಗೆ (ನನ್ನ ಚಿಪ್ ಕೂರುವ ಸಾಕೆಟ್) ಆರ್ಕ್ಟಿಕ್‌ನವರು ಕೊಡುವ ಆಫ್‌ಸೆಟ್ ಬ್ರಾಕೆಟ್ ಪಂಪನ್ನು ಸ್ವಲ್ಪ ಕೆಳಗೆ ತರುತ್ತದೆ. ಚಿಪ್ ಬಿಸಿಯಾಗುವ ಜಾಗಕ್ಕೂ ಸರಿ, ಪೈಪಿಗೂ ಅನುಕೂಲ. ರೇಡಿಯೇಟರ್ ಬಿಗಿಯುವ ಮೊದಲು ಪೈಪನ್ನು ಹದಕ್ಕೆ ತರಲು ನಾನು ಮಾಡುವ ಒಂದು ಕೆಲಸ ಇದೆ, ಅದನ್ನು ಇಲ್ಲಿ ಬರೆಯಲ್ಲ. ಬಯೋಸ್‌ನ ಎರಡು ಸೆಟ್ಟಿಂಗೂ ಅಷ್ಟೇ. ಊರಲ್ಲಿ ಪಿಸಿ ಜೋಡಿಸಿ ಕೊಟ್ಟು ನಾಲ್ಕು ಕಾಸು ನೋಡುತ್ತಿದ್ದೇನೆ, ಅದಿಷ್ಟು ನನ್ನ ಹತ್ತಿರ ಇರಲಿ.

ಮುಂದೆ ಇದ್ದ ಎರಡು 180 ಫ್ಯಾನ್ ಕೆಲಸವಿಲ್ಲದೆ ಉಳಿದವು. 38 ಮಿಮೀ ದಪ್ಪದ ಒಳ್ಳೇ ಫ್ಯಾನ್ ಅವು. ಒಂದನ್ನು ಇನ್ವರ್ಟರ್ ಇಟ್ಟ ಗೂಡಿಗೆ ಹಾಕಿ 12 ವೋಲ್ಟ್ ಅಡಾಪ್ಟರ್ ಕೊಟ್ಟೆ. ಬೇಸಿಗೆಯಲ್ಲಿ ಆಗಾಗ ಬಿಸಿಯಾಗಿ ಟ್ರಿಪ್ ಆಗುತ್ತಿದ್ದ ಇನ್ವರ್ಟರ್ ಆಮೇಲೆ ಒಮ್ಮೆಯೂ ಕೈ ಕೊಡಲಿಲ್ಲ. ಇನ್ನೊಂದು ಪ್ರಯೋಗ, ಡೆಸರ್ಟ್ ಕೂಲರ್ ಗಾಳಿಯನ್ನು ನೇರ ಕ್ಯಾಬಿನೆಟ್ ಮುಖಕ್ಕೆ ಬಿಟ್ಟು ನೋಡಿದ್ದು. ಚಿಪ್ 6, 7 ಡಿಗ್ರಿ ಇಳಿಯಿತು, ಕ್ಲಾಕ್ 5 ದಾಟಿತು, ಖುಷಿಯೋ ಖುಷಿ. ವಾರ ಕಳೆದು ಮುಂದಿನ ಫಿಲ್ಟರ್ ತೆಗೆದರೆ ಸುಣ್ಣ ಉದುರಿದ ಹಾಗೆ ಬಿಳಿ ಪುಡಿ. ನಮ್ಮ ಬೋರ್‌ವೆಲ್ ನೀರಿನ ಗಡಸು ಅದು. ರೇಡಿಯೇಟರ್ ರೆಕ್ಕೆಗಳ ನಡುವೆಯೂ ಕೂತಿತ್ತು, ಒಂದು ಸಂಜೆ ಪೂರ್ತಿ ಬ್ರಷ್ ಹಿಡಿದು ತೆಗೆದೆ. ಕೂಲರ್ ಈಗ ನನಗೆ ಮಾತ್ರ.

ಸದ್ಯದ ಲೆಕ್ಕ ಹೀಗಿದೆ. ರೂಮು 38 ಇದ್ದಾಗ, ಗಂಟೆಗಟ್ಟಲೆ ಓಡಿದ ಮೇಲೂ 4.9ಕ್ಕಿಂತ ಕೆಳಗೆ ಬರಲ್ಲ. ರಾತ್ರಿ ರೂಮು 30ಕ್ಕೆ ಇಳಿದರೆ 5ರ ಮೇಲೆಯೇ ನಿಲ್ಲುತ್ತದೆ. ಗಾಜಿನ ಕ್ಯಾಬಿನೆಟ್‌ನಲ್ಲಿ 50 ನಿಮಿಷ ಹಿಡಿಯುತ್ತಿದ್ದ ಫ್ರೇಮ್ ಈಗ 46ಕ್ಕೆ ಮುಗಿಯುತ್ತದೆ. ಒಂದು ಫ್ರೇಮಿಗೆ ಇದು ಏನಲ್ಲ, ರಾತ್ರಿಯಿಡೀ ಓಡುವ ಕೆಲಸಕ್ಕೆ ದೊಡ್ಡದು. 360 ಕೂಲರ್ ಮಾರಿದ್ದು, ಎರಡು ಕ್ಯಾಬಿನೆಟ್ ಮಾರಿದ್ದು ಎಲ್ಲ ಸೇರಿ ಕೈಬಿಟ್ಟ ದುಡ್ಡು 14,000 ಆಗಿರಬಹುದು. ಥರ್ಮಾಕೋಲಿಗೆ ಖರ್ಚಾಗಿದ್ದು 60 ರೂಪಾಯಿ.

ಸೆಕೆಂಡ್ ಹ್ಯಾಂಡ್ ಟಾರೆಂಟ್ ತಗೊಳ್ಳುವವರು ಫ್ಯಾನ್ ಹಬ್ (ಎಲ್ಲ ಫ್ಯಾನಿನ ವೈರ್ ಒಂದೇ ಕಡೆ ಸೇರುವ ಭಾಗ) ಕಡೆ ಗಮನ ಕೊಡಿ. ಈ ಕ್ಯಾಬಿನೆಟ್ ಬಂದಿದ್ದು 2021ರಲ್ಲಿ. ಹಬ್‌ನಲ್ಲಿ ಶಾರ್ಟ್ ಆಗುವ ಅಪಾಯ ಇದೆ ಅಂತ 2022ರ ಆರಂಭದಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿ, ಹಬ್ ಬಳಸಬೇಡಿ ಅಂತ ಹೇಳಿತ್ತು. ಮಾರುವವರನ್ನು ಹಬ್ ಬದಲಾಗಿದೆಯಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಹಬ್ ತೆಗೆದು ಫ್ಯಾನ್‌ಗಳನ್ನು ನೇರ ಬೋರ್ಡಿಗೆ ಕೊಡಿ. ನಾನು ಮಾಡಿದ್ದೂ ಅದನ್ನೇ, ಕೆಳಗಿನ ಮೂರಕ್ಕೂ ಒಂದೇ ಸ್ಪ್ಲಿಟರ್ ಸಾಕಾಯಿತು.